ಲೋಕವಿಚಾರ ಮತ್ತು ಪ್ರಜೆ : ರಾಮಮನೋಹರ ಲೋಹಿಯಾ ಅವರ ಬದುಕಿನ ಒಂದು ನೆಲೆ

1

ವಿದೇಶಾಂಗ ನೀತಿಯೆಂಬುದು ಮಂತ್ರಿಗಳ, ರಾಯಭಾರಿಗಳ, ಗೋಪ್ಯ ಕಡತಗಳ ವ್ಯವಹಾರವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ತೆರಿಗೆ, ನೀರಾವರಿ, ಶಾಲೆ, ರಸ್ತೆಗಳ ಬಗ್ಗೆ ನಿಸ್ಸಂಕೋಚವಾಗಿ ಪ್ರಶ್ನೆ ಕೇಳುವ ಪ್ರಜೆಯೂ ಗಡಿ, ಒಪ್ಪಂದ, ಯುದ್ಧಗಳ ಮಾತು ಬಂದಾಗ ತಜ್ಞರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಈ ತಿಳಿವಳಿಕೆಯನ್ನು ಸ್ವಾತಂತ್ರ್ಯಪೂರ್ವದಲ್ಲಿಯೂ ಸ್ವಾತಂತ್ರ್ಯಾನಂತರದಲ್ಲಿಯೂ ಒಂದೇ ಹಠದಿಂದ ಎದುರಿಸಿದವರು ಡಾ. ರಾಮಮನೋಹರ ಲೋಹಿಯಾ (1910-1967). ಕನ್ನಡದ ಸಾಹಿತ್ಯ ವಲಯವು ಲೋಹಿಯಾ ಅವರನ್ನು ಬಹುಮಟ್ಟಿಗೆ ಜಾತಿ, ಭಾಷೆ, ಸ್ತ್ರೀ ಸಮಾನತೆಗಳ ಚಿಂತಕರನ್ನಾಗಿ, ರಾಮ-ಕೃಷ್ಣ-ಶಿವರನ್ನು ಹೊಸದಾಗಿ ಓದಿದ ಲೇಖಕರನ್ನಾಗಿ ಬರಮಾಡಿಕೊಂಡಿದೆ. ಲೋಕದ ವಿದ್ಯಮಾನಗಳನ್ನು ಜನಸಾಮಾನ್ಯರ ಅರಿವಿನ ಭಾಗವಾಗಿಸಲು ಅವರು ನಡೆಸಿದ ಸುಮಾರು ಮೂರೂವರೆ ದಶಕಗಳ ಪ್ರಯತ್ನ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರ ಭಾಷಾನೀತಿಯ ಹಿಂದಿನ ಒತ್ತಾಯ ತಿಳಿಯಬೇಕಾದರೆ ಈ ಪ್ರಯತ್ನದ ಕಥನವನ್ನು ಗಮನಿಸುವುದು ಅವಶ್ಯಕ.

2

ಲೋಹಿಯಾ ಹುಟ್ಟಿದ್ದು 1910ರ ಮಾರ್ಚ್ 23ರಂದು, ಉತ್ತರ ಪ್ರದೇಶದ ಅಂದಿನ ಫೈಜಾಬಾದ್ ಜಿಲ್ಲೆಯ ಅಕ್ಬರ್‌ಪುರದಲ್ಲಿ. ಎಳೆತನದಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನನ್ನು ಬೆಳೆಸಿದವರು ವ್ಯಾಪಾರಸ್ಥರೂ ರಾಷ್ಟ್ರೀಯ ಚಳವಳಿಯ ಅನುಯಾಯಿಗಳೂ ಆಗಿದ್ದ ತಂದೆ ಹೀರಾಲಾಲ್. ಮುಂಬಯಿ, ಬನಾರಸ್ ಹಾಗೂ ಕಲ್ಕತ್ತೆಗಳಲ್ಲಿ ವ್ಯಾಸಂಗ ನಡೆಸಿ 1929ರಲ್ಲಿ ಪದವಿ ಪಡೆದ ಲೋಹಿಯಾ ಉನ್ನತ ಶಿಕ್ಷಣಕ್ಕೆ ಆಳುವವರ ನಾಡಾದ ಇಂಗ್ಲೆಂಡನ್ನು ಬಿಟ್ಟು ಜರ್ಮನಿಯನ್ನು ಆರಿಸಿಕೊಂಡರು. ಬರ್ಲಿನ್ನಿನಲ್ಲಿ ಅರ್ಥಶಾಸ್ತ್ರಜ್ಞ ವೆರ್ನರ್ ಸೊಂಬಾರ್ಟ್ ಅವರ ಬಳಿ ಅಧ್ಯಯನ ಮಾಡಬಯಸಿದಾಗ ಆ ಪ್ರಾಧ್ಯಾಪಕರಿಗೆ ಇಂಗ್ಲಿಷ್ ಬಾರದೆಂಬುದು ತಿಳಿಯಿತು. ಕೆಲವೇ ತಿಂಗಳಲ್ಲಿ ಜರ್ಮನ್ ಭಾಷೆ ಕಲಿತು ಅವರ ಮುಂದೆ ಮತ್ತೆ ಬಂದು ನಿಂತರು. ಲೋಕಜ್ಞಾನಕ್ಕೆ ಇಂಗ್ಲಿಷೊಂದೇ ಬಾಗಿಲಲ್ಲವೆಂಬುದು ಅವರಿಗೆ ಅನುಭವದಿಂದಲೇ ದಕ್ಕಿದ ಪಾಠ. ಸಂಶೋಧನೆಗೆ ಆರಿಸಿಕೊಂಡ ವಿಷಯ ಭಾರತದ ಉಪ್ಪಿನ ತೆರಿಗೆ. ಬಡವನ ಗಂಜಿಯ ಉಪ್ಪಿಗೂ ಸಾಮ್ರಾಜ್ಯದ ಬೊಕ್ಕಸಕ್ಕೂ ಇರುವ ನಂಟನ್ನು ಶಾಸ್ತ್ರೀಯವಾಗಿ ಶೋಧಿಸಿದ ಈ ಅಧ್ಯಯನದಲ್ಲಿಯೇ ಅವರ ಮುಂದಿನ ವಿಚಾರಕ್ರಮದ ಬೀಜವಿದೆಯೆನ್ನಬಹುದು.

1930ರಲ್ಲಿ ಜಿನೀವಾದ ರಾಷ್ಟ್ರಸಂಘದ ಅಧಿವೇಶನದಲ್ಲಿ ಭಾರತದ ಪ್ರತಿನಿಧಿಯಾಗಿ ಬಿಕಾನೇರಿನ ಮಹಾರಾಜರು ಮಾತನಾಡಲು ನಿಂತರು. ಸ್ವದೇಶದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ಸಾವಿರಾರು ಮಂದಿ ಸೆರೆಮನೆ ಸೇರಿದ್ದ ವರ್ಷವದು. ಪ್ರೇಕ್ಷಕರ ಗ್ಯಾಲರಿಯಲ್ಲಿದ್ದ ಲೋಹಿಯಾ ಸಿಳ್ಳೆ ಹಾಕಿ ಪ್ರತಿಭಟಿಸಿದರು, ಅವರನ್ನು ಹೊರಹಾಕಲಾಯಿತು. ಆದರೆ ಅವರು ಅಲ್ಲಿಗೇ ನಿಲ್ಲದೆ ಭಾರತದ ವಸ್ತುಸ್ಥಿತಿಯನ್ನು ವಿವರಿಸಿ ಪತ್ರಿಕೆಗೆ ಪತ್ರ ಬರೆದು, ಅದು ಅಚ್ಚಾದ ಸಂಚಿಕೆಯ ಪ್ರತಿಗಳನ್ನು ಪ್ರತಿನಿಧಿಗಳಿಗೆ ಹಂಚಿದರು. ಜಗತ್ತಿನ ಎದುರು ಒಂದು ದೇಶದ ಪರವಾಗಿ ಮಾತನಾಡುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಇಪ್ಪತ್ತರ ಹರೆಯದ ವಿದ್ಯಾರ್ಥಿ ಹೀಗೆ ಬಹಿರಂಗವಾಗಿ ಎತ್ತಿದ್ದು ಗಮನಾರ್ಹ. ಪ್ರತಿಭಟನೆ ಮತ್ತು ತಿಳಿವಳಿಕೆ ನೀಡುವ ಬರವಣಿಗೆ ಜೊತೆಜೊತೆಯಾಗಿ ಸಾಗುವ ಈ ಕ್ರಮ ಅವರ ಬದುಕಿನುದ್ದಕ್ಕೂ ಮುಂದುವರಿಯಿತು.

3

1933ರಲ್ಲಿ ಸ್ವದೇಶಕ್ಕೆ ಮರಳಿದ ಲೋಹಿಯಾ ಮರುವರ್ಷ ರೂಪುಗೊಂಡ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸ್ಥಾಪಕ ಸದಸ್ಯರಲ್ಲೊಬ್ಬರಾಗಿ, ಅದರ ಮುಖವಾಣಿಯಾದ 'ಕಾಂಗ್ರೆಸ್ ಸೋಷಲಿಸ್ಟ್' ವಾರಪತ್ರಿಕೆಯ ಸಂಪಾದಕರಾದರು. 1936ರಲ್ಲಿ ಲಕ್ನೋ ಅಧಿವೇಶನದ ಅಧ್ಯಕ್ಷತೆ ವಹಿಸಿದ ಜವಾಹರಲಾಲ್ ನೆಹರೂ ಅವರ ಆಸಕ್ತಿಯಿಂದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯಲ್ಲಿ ವಿದೇಶಾಂಗ ವಿಭಾಗವೊಂದು ಆರಂಭವಾಯಿತು. 1927ರ ಬ್ರಸೆಲ್ಸ್ ಸಾಮ್ರಾಜ್ಯಶಾಹಿ ವಿರೋಧಿ ಸಮ್ಮೇಳನದಲ್ಲಿ ಭಾಗವಹಿಸಿದ್ದ ನೆಹರೂ ಅವರಿಗೆ ಭಾರತದ ಹೋರಾಟವನ್ನು ಲೋಕದ ಇತರ ಹೋರಾಟಗಳೊಂದಿಗೆ ಬೆಸೆಯುವ ಹಂಬಲವಿತ್ತು. ವಿಭಾಗದ ಕಾರ್ಯದರ್ಶಿಯ ಹೊಣೆ ಬಿದ್ದದ್ದು ಇಪ್ಪತ್ತಾರರ ಲೋಹಿಯಾ ಅವರ ಮೇಲೆ.

ಅಲಹಾಬಾದಿನ ಸ್ವರಾಜ್ ಭವನದಿಂದ ನಡೆದ ಈ ಕೆಲಸ ಎರಡು ಮುಖವುಳ್ಳದ್ದು. ಭಾರತದ ಸ್ಥಿತಿಯನ್ನು ಹೊರಲೋಕಕ್ಕೆ ತಿಳಿಸುವುದು ಒಂದು. ಹೊರಲೋಕದ ಸ್ಥಿತಿಯನ್ನು ಭಾರತದ ಕಾರ್ಯಕರ್ತರಿಗೆ ತಿಳಿಸುವುದು ಇನ್ನೊಂದು. ವಿಭಾಗವು ವಾರ್ತಾಪತ್ರಗಳನ್ನು ಹೊರಡಿಸಿತು. ವಿದೇಶಗಳ ಪ್ರಗತಿಪರ ಸಂಘಟನೆಗಳೊಂದಿಗೂ ಸಾಗರದಾಚೆಯ ಭಾರತೀಯರೊಂದಿಗೂ ಪತ್ರವ್ಯವಹಾರ ಬೆಳೆಸಿತು. ಪರದೇಶಗಳಲ್ಲಿರುವ ಭಾರತೀಯರನ್ನು ಕುರಿತ ಹಾಗೂ ಕಾಂಗ್ರೆಸ್ಸಿನ ವಿದೇಶನೀತಿಯನ್ನು ಬ್ರಿಟನ್ನಿನ ಲೇಬರ್ ಪಕ್ಷದ ನೀತಿಯೊಂದಿಗೆ ಹೋಲಿಸಿದ ಕಿರುಪುಸ್ತಕಗಳನ್ನು ಲೋಹಿಯಾ ಈ ಅವಧಿಯಲ್ಲಿ ರಚಿಸಿದರು. ನಾಗರಿಕ ಸ್ವಾತಂತ್ರ್ಯದ ಹೋರಾಟವನ್ನು ಕುರಿತ ಅವರ ಪುಸ್ತಿಕೆಗೆ ನೆಹರೂ ಅವರೇ ಮುನ್ನುಡಿ ಬರೆದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸ್ವಂತ ಸರ್ಕಾರವಿಲ್ಲದ ದೇಶವೊಂದು ಸ್ವಂತ ವಿದೇಶನೀತಿಯನ್ನು ರೂಪಿಸಿಕೊಳ್ಳತೊಡಗಿದ್ದು. ಸೈನ್ಯವಾಗಲಿ ರಾಯಭಾರ ಕಚೇರಿಯಾಗಲಿ ಇಲ್ಲದಿದ್ದಾಗ ಅಂತಹ ನೀತಿಗೆ ಇದ್ದ ಏಕೈಕ ಬಲ ಪ್ರಜೆಗಳ ತಿಳಿವಳಿಕೆ. 1938ರಲ್ಲಿ ಲೋಹಿಯಾ ವಿಭಾಗವನ್ನು ತೊರೆದರೂ ಈ ನಂಬಿಕೆಯನ್ನು ತೊರೆಯಲಿಲ್ಲ. ಮುಂದೆ ದೇಶಕ್ಕೆ ಸರ್ಕಾರವೂ ರಾಯಭಾರಿಗಳೂ ಬಂದ ಮೇಲೆ ಆ ಬಲವನ್ನು ಮರೆಯಲಾಯಿತೆಂಬುದೇ ನೆಹರೂ ಅವರೊಂದಿಗಿನ ಅವರ ಜಗಳದ ತಿರುಳು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧವಿರೋಧಿ ಪ್ರಚಾರಕ್ಕಾಗಿ ಅವರು ಸೆರೆಮನೆ ಕಂಡರು. 1942ರ ಚಳವಳಿಯಲ್ಲಿ ಭೂಗತರಾಗಿ, ಮುಂಬಯಿಯ ರಹಸ್ಯ ಕಾಂಗ್ರೆಸ್ ರೇಡಿಯೋದ ಬೆನ್ನಿಗೆ ನಿಂತರು. 1944ರಲ್ಲಿ ಬಂಧಿತರಾಗಿ ಲಾಹೋರ್ ಕೋಟೆಯಲ್ಲಿ ಚಿತ್ರಹಿಂಸೆಗೆ ಗುರಿಯಾದರು. 1946ರ ಏಪ್ರಿಲ್‌ನಲ್ಲಿ ಬಿಡುಗಡೆ ಹೊಂದಿ, ಬರ್ಲಿನ್ ದಿನಗಳ ಗೆಳೆಯ ಡಾ. ಜೂಲಿಯಾವೊ ಮೆನೆಝಿಸ್ ಅವರ ಅಸೋಳ್ಣದ ಮನೆಗೆ ವಿಶ್ರಾಂತಿಗಾಗಿ ಹೋದರು. ಪೋರ್ಚುಗೀಸರ ಗೋವೆಯಲ್ಲಿ ಸಭೆ ಸೇರುವುದಕ್ಕೂ ಅಚ್ಚು ಹಾಕಿಸುವುದಕ್ಕೂ ಮುಂಗಡ ಅನುಮತಿ ಬೇಕಾಗಿತ್ತು. ವಿಶ್ರಾಂತಿ ಅಲ್ಲಿಗೆ ಮುಗಿಯಿತು. ಜೂನ್ 18ರಂದು ಮಡಗಾಂವಿನಲ್ಲಿ ನಿಷೇಧವನ್ನು ಧಿಕ್ಕರಿಸಿ ಸಭೆ ನಡೆಸಿ ಬಂಧಿತರಾದರು. ಗಾಂಧೀಜಿ ಹರಿಜನ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದರು. ವಸಾಹತು ವಿಮೋಚನೆ ದೆಹಲಿ-ಲಿಸ್ಬನ್ ಮಾತುಕತೆಯ ವಿಷಯವಾಗುವ ಮೊದಲೇ ಅದು ಪೇಟೆಯ ಬಯಲಿನಲ್ಲಿ ಸಾಮಾನ್ಯ ಜನರ ವಿಷಯವಾಗಿತ್ತು. ಗೋವೆ ಸ್ವತಂತ್ರವಾದದ್ದು 1961ರ ಡಿಸೆಂಬರಿನಲ್ಲಿ. ಜೂನ್ 18 ಇಂದಿಗೂ ಅಲ್ಲಿ ಕ್ರಾಂತಿ ದಿನವಾಗಿ ಆಚರಿಸಲ್ಪಡುತ್ತಿದೆ.

4

ಸ್ವಾತಂತ್ರ್ಯಾನಂತರ ಸಮಾಜವಾದಿಗಳು 1948ರಲ್ಲಿ ಕಾಂಗ್ರೆಸ್ಸಿನಿಂದ ಹೊರಬಂದರು. ನೆಹರೂ ಪ್ರಧಾನಿಯೂ ವಿದೇಶಾಂಗ ಮಂತ್ರಿಯೂ ಆಗಿದ್ದ ಕಾಲದಲ್ಲಿ ಅವರ ಹಳೆಯ ಸಹೋದ್ಯೋಗಿ ಅವರ ವಿದೇಶನೀತಿಯ ಪ್ರಮುಖ ಟೀಕಾಕಾರರಾದರು. 1949ರಲ್ಲಿ ನೇಪಾಳದ ರಾಣಾಗಳ ಆಡಳಿತದ ವಿರುದ್ಧ ದೆಹಲಿಯ ನೇಪಾಳಿ ರಾಯಭಾರ ಕಚೇರಿಯ ಮುಂದೆ ಪ್ರದರ್ಶನ ನಡೆಸಿ ಲೋಹಿಯಾ ಬಂಧಿತರಾದರು. 1950ರಲ್ಲಿ ಚೀನಾ ಟಿಬೆಟ್ಟನ್ನು ಆಕ್ರಮಿಸಿದಾಗ ಅದನ್ನು ಶಿಶುಹತ್ಯೆಗೆ ಹೋಲಿಸಿ ಖಂಡಿಸಿದರು. ಹಿಮಾಲಯದ ಜನರ ಭಾಷೆ, ಬದುಕು, ಆಶೋತ್ತರಗಳನ್ನು ಬಲ್ಲ ನೀತಿಯೊಂದು ಭಾರತಕ್ಕೆ ಅವಶ್ಯಕವೆಂದು ಅವರು ಊರೂರುಗಳಲ್ಲಿ ಭಾಷಣ ಮಾಡಿದ್ದು 1962ರ ಯುದ್ಧಕ್ಕಿಂತ ಬಹಳ ಮೊದಲು.

ಅವರ ದೃಷ್ಟಿಯ ವೈಶಿಷ್ಟ್ಯ ಕರ್ನಾಟಕದ ಸಂದರ್ಭದಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯೇ ಅಲ್ಲಿನ ವಿವಾದಗಳಲ್ಲೊಂದು. ಜೂನ್‌ನಲ್ಲಿ ಅಲ್ಲಿಗೆ ಬಂದ ಲೋಹಿಯಾ ಸಾಗರದಲ್ಲಿ ಬಂಧನಕ್ಕೊಳಗಾದರು. ಬಿಡುಗಡೆಯಾದ ಬಳಿಕ ಅದೇ ವರ್ಷ ಅವರು ಯುರೋಪು, ಅಮೆರಿಕ, ಜಪಾನುಗಳ ಪ್ರವಾಸಕ್ಕೆ ಹೊರಟರು. ಅಮೆರಿಕದಲ್ಲಿ ಐನ್‌ಸ್ಟೈನ್ ಅವರನ್ನು ಭೇಟಿಯಾದರು. ಅಲ್ಲಿನ ಕಪ್ಪು ಜನರ ಹಕ್ಕುಗಳಿಗಾಗಿ ಸವಿನಯ ಕಾನೂನುಭಂಗದ ಮಾರ್ಗವನ್ನು ಸೂಚಿಸಿದರು. ಕಾಗೋಡಿನ ಗದ್ದೆ ಮತ್ತು ಅಮೆರಿಕದ ಸಭಾಂಗಣ ಅವರ ಪಾಲಿಗೆ ಎರಡು ಬೇರೆ ಲೋಕಗಳಾಗಿರಲಿಲ್ಲ. ಒಡೆಯನ ಕೈಯಲ್ಲಿರುವ ಅಳತೆಯನ್ನು ಪ್ರಶ್ನಿಸುವ ಗೇಣಿದಾರನಿಗೆ ವಿಶ್ವಸಂಸ್ಥೆಯಲ್ಲಿ ಐದು ರಾಷ್ಟ್ರಗಳ ಕೈಯಲ್ಲಿರುವ ನಿಷೇಧಾಧಿಕಾರವೂ ಅರ್ಥವಾಗಬಲ್ಲದು. ಈ ಅಸಮಾನತೆಯನ್ನು ಲೋಹಿಯಾ ಅಂತರರಾಷ್ಟ್ರೀಯ ಜಾತಿಪದ್ಧತಿಯೆಂದೇ ವರ್ಣಿಸಿದರು. ಲೋಕರಾಜಕಾರಣವನ್ನು ವಿವರಿಸಲು ಅವರು ಪಾಶ್ಚಾತ್ಯ ರಾಜ್ಯಶಾಸ್ತ್ರದ ಪರಿಭಾಷೆಯನ್ನಷ್ಟೇ ನೆಚ್ಚಿಕೊಳ್ಳದೆ ಭಾರತೀಯನ ದಿನನಿತ್ಯದ ಅನುಭವದಿಂದ ಪದವನ್ನು ಆಯ್ದುಕೊಂಡರು. ಅವರ ಪೌರಶಿಕ್ಷಣದ ವಿಧಾನ ಇದೇ.

1952ರ ಪಚ್‌ಮಢಿ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಬಂಡವಾಳಶಾಹಿ ಮತ್ತು ಕಮ್ಯುನಿಸಂಗಳೆರಡೂ ಏಷ್ಯಾದ ಬಡದೇಶಗಳಿಗೆ ಸಮಾನವಾಗಿ ಅಪ್ರಸ್ತುತವೆಂಬ ವಾದವನ್ನು ಅವರು ಮಂಡಿಸಿದರು. ಎರಡೂ ವ್ಯವಸ್ಥೆಗಳು ಭಾರೀ ಯಂತ್ರ ಹಾಗೂ ಕೇಂದ್ರೀಕೃತ ಉತ್ಪಾದನೆಯನ್ನೇ ನಂಬಿವೆಯೆಂಬುದು ಇದಕ್ಕೆ ಅವರು ನೀಡಿದ ಕಾರಣ. ಮೂರನೆಯ ಶಿಬಿರದ ಕಲ್ಪನೆ ಇಲ್ಲಿಂದ ಬಲಗೊಂಡಿತು. ಎರಡು ಬಣಗಳ ನಡುವೆ ಸಮದೂರ ಕಾಯ್ದುಕೊಳ್ಳುವುದಷ್ಟೇ ಸಾಲದು, ತನ್ನದೇ ಆದ ಆರ್ಥಿಕ ಮತ್ತು ನೈತಿಕ ನೆಲೆಯನ್ನು ಕಟ್ಟಿಕೊಳ್ಳಬೇಕೆಂಬುದು ಅವರ ಆಗ್ರಹ.

5

ಪಕ್ಷದೊಳಗಿನ ಭಿನ್ನಾಭಿಪ್ರಾಯಗಳ ಫಲವಾಗಿ ಲೋಹಿಯಾ ಪ್ರಜಾ ಸಮಾಜವಾದಿ ಪಕ್ಷದಿಂದ ಬೇರ್ಪಟ್ಟು ಹೊಸ ಸಮಾಜವಾದಿ ಪಕ್ಷವನ್ನು ಕಟ್ಟಿದರು. 1956ರಲ್ಲಿ ಹೈದರಾಬಾದಿನಿಂದ ಅವರ ನೇತೃತ್ವದಲ್ಲಿ 'ಮ್ಯಾನ್‌ಕೈಂಡ್' ಎಂಬ ಇಂಗ್ಲಿಷ್ ಮಾಸಪತ್ರಿಕೆ ಆರಂಭವಾಯಿತು. ಹಿಂದಿಯಲ್ಲಿ 'ಜನ' ಪತ್ರಿಕೆ ಹೊರಟಿತು. ಒಂದು ಪತ್ರಿಕೆಯ ಹೆಸರು ಮನುಕುಲ, ಇನ್ನೊಂದರದು ಜನ. ಲೋಕ ಮತ್ತು ಊರುಗಳನ್ನು ಒಟ್ಟಿಗೆ ಹಿಡಿಯುವ ಅವರ ಹಂಬಲ ಈ ಹೆಸರುಗಳಲ್ಲಿಯೇ ವ್ಯಕ್ತವಾಗಿದೆ.

ಇದೇ ಕಾಲದಲ್ಲಿ ಇಂಗ್ಲಿಷ್ ವಿರೋಧಿ ಆಂದೋಲನ ರೂಪುಗೊಂಡಿತು. ಇದನ್ನು ಹಿಂದಿಯ ಅಭಿಮಾನವೆಂದು ಮಾತ್ರ ಗ್ರಹಿಸಿದವರು ಕರ್ನಾಟಕದಲ್ಲಿಯೂ ಉಂಟು. ಲೋಹಿಯಾ ವಿರೋಧಿಸಿದ್ದು ಇಂಗ್ಲಿಷ್ ಭಾಷೆಯ ಅಧ್ಯಯನವನ್ನಲ್ಲ, ಆಡಳಿತ, ನ್ಯಾಯಾಲಯ, ಶಾಸನಸಭೆಗಳಲ್ಲಿ ಅದರ ಸಾರ್ವಜನಿಕ ಬಳಕೆಯನ್ನು. ಬಹುಸಂಖ್ಯಾತರಿಗೆ ತಿಳಿಯದ ಭಾಷೆಯಲ್ಲಿ ಯುದ್ಧ ಮತ್ತು ಶಾಂತಿಯ ನಿರ್ಣಯಗಳಾದರೆ ಪ್ರಜೆಗೆ ಉಳಿಯುವುದು ಪರಿಣಾಮವನ್ನು ಅನುಭವಿಸುವ ಪಾತ್ರ ಮಾತ್ರ. ವಿದೇಶನೀತಿಯ ತಿಳಿವಳಿಕೆ ಎಲ್ಲರಿಗೂ ಸಲ್ಲಬೇಕೆಂಬ ಅವರ ನಿಲುವು ಭಾಷೆಯ ಪ್ರಶ್ನೆಗೆ ಬಂದು ಮುಟ್ಟಿದ್ದು ಅನಿವಾರ್ಯವಾಗಿತ್ತು.

ಈಶಾನ್ಯ ಗಡಿ ಪ್ರದೇಶವಾದ ನೇಫಾವನ್ನು ಪ್ರವೇಶಿಸಲು ಭಾರತೀಯರಿಗೂ ಪರವಾನಗಿ ಬೇಕೆಂಬ ನಿಯಮವನ್ನು ಲೋಹಿಯಾ 1958 ಮತ್ತು 1959ರಲ್ಲಿ ಉಲ್ಲಂಘಿಸಿ ಬಂಧಿತರಾದರು. ಪ್ರಜೆಗಳು ಕಾಣದ ಗಡಿಯನ್ನು ಪ್ರಜೆಗಳು ರಕ್ಷಿಸುವುದು ಹೇಗೆಂಬುದು ಅವರ ಪ್ರಶ್ನೆ. ಮೂರು ವರ್ಷಗಳ ಬಳಿಕ ಅದೇ ಪ್ರದೇಶದಲ್ಲಿ ಚೀನಾದ ಸೈನ್ಯ ಮುನ್ನುಗ್ಗಿದಾಗ ಆ ಪ್ರಶ್ನೆಯ ತೀವ್ರತೆ ದೇಶಕ್ಕೆ ಅರಿವಾಯಿತು. ಹಿಮಾಲಯದ ಗಡಿಯನ್ನು ಕುರಿತ ಅವರ ಬರಹ-ಭಾಷಣಗಳು 1963ರಲ್ಲಿ ಪುಸ್ತಕವಾಗಿ ಬಂದವು. 1962ರ ಚುನಾವಣೆಯಲ್ಲಿ ಫೂಲ್‌ಪುರದಲ್ಲಿ ನೆಹರೂ ವಿರುದ್ಧ ಸ್ಪರ್ಧಿಸಿ ಸೋತಿದ್ದ ಲೋಹಿಯಾ 1963ರಲ್ಲಿ ಫರೂಕಾಬಾದ್ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆ ಪ್ರವೇಶಿಸಿದರು. ಆ ವರ್ಷದ ಅವಿಶ್ವಾಸ ಗೊತ್ತುವಳಿಯ ಚರ್ಚೆಯಲ್ಲಿ ಇಪ್ಪತ್ತೇಳು ಕೋಟಿ ಭಾರತೀಯರ ದಿನದ ಆದಾಯ ಮೂರಾಣೆಯೆಂದು ಅವರು ವಾದಿಸಿದರು. ಸರ್ಕಾರ ಹದಿನೈದಾಣೆಯ ಲೆಕ್ಕ ಕೊಟ್ಟಿತು. ಅಂಕಿಸಂಖ್ಯೆಯ ಜಟಿಲ ಚರ್ಚೆ ಹೀಗೆ ಆಣೆಗಳ ಭಾಷೆಯಲ್ಲಿ ಚಹಾದಂಗಡಿಗಳನ್ನೂ ತಲುಪಿತು.

1964ರ ಏಪ್ರಿಲ್‌ನಲ್ಲಿ ದೀನದಯಾಳ ಉಪಾಧ್ಯಾಯರೊಂದಿಗೆ ಭಾರತ-ಪಾಕಿಸ್ತಾನ ಮಹಾಸಂಘದ ಪರವಾಗಿ ಜಂಟಿ ಹೇಳಿಕೆ ನೀಡಿದರು. ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಜ್ಯಾಕ್ಸನ್ ನಗರದಲ್ಲಿ ಬಿಳಿಯರಿಗೆ ಮೀಸಲಾದ ಉಪಾಹಾರ ಗೃಹವನ್ನು ಪ್ರವೇಶಿಸಿ ಬಂಧಿತರಾದರು. ಅಮೆರಿಕದ ಅಧಿಕಾರಿಗಳು ಕ್ಷಮೆ ಕೋರಿದಾಗ, ವಿಷಯ ತಮ್ಮೊಬ್ಬರ ಅವಮಾನದ್ದಲ್ಲವೆಂಬ ನಿಲುವನ್ನು ತಳೆದರು.

6

1967ರ ಅಕ್ಟೋಬರ್ 12ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ದೆಹಲಿಯ ವಿಲ್ಲಿಂಗ್‌ಡನ್ ಆಸ್ಪತ್ರೆಯಲ್ಲಿ ಲೋಹಿಯಾ ನಿಧನರಾದರು. ಅವರ ಪ್ರಯತ್ನದ ಮಿತಿಗಳನ್ನೂ ಗುರುತಿಸುವುದು ಅಗತ್ಯ. ವಿಶ್ವಸರ್ಕಾರ, ಭಾರತ-ಪಾಕ್ ಮಹಾಸಂಘ, ಮೂರನೆಯ ಶಿಬಿರಗಳಲ್ಲಿ ಯಾವುದೂ ಅವರು ಬಯಸಿದ ರೂಪದಲ್ಲಿ ಸಾಕಾರವಾಗಲಿಲ್ಲ. ಪಕ್ಷದ ಪದೇಪದೇ ಒಡಕು ಅವರ ಶ್ರೋತೃವರ್ಗವನ್ನು ಕಿರಿದುಗೊಳಿಸಿತು. ನೆಹರೂ ವಿರೋಧದ ಕಾವಿನಲ್ಲಿ ನೆಹರೂ ಅವರ ಸಾಧನೆಗಳು ಅವರಿಗೆ ಮಸುಕಾಗಿ ಕಂಡದ್ದುಂಟು. ಇಂಗ್ಲಿಷಿನ ಯಜಮಾನಿಕೆಯನ್ನು ಖಂಡಿಸಿದ ಅವರ ಲೋಕವಿಚಾರದ ಪ್ರಮುಖ ಬರಹಗಳು ಇಂಗ್ಲಿಷಿನಲ್ಲಿಯೇ ಪ್ರಕಟವಾದದ್ದು ಅವರೇ ಹೋರಾಡುತ್ತಿದ್ದ ಬಿಕ್ಕಟ್ಟಿನ ಆಳವನ್ನು ತೋರಿಸುತ್ತದೆ.

ಕನ್ನಡ ನಾಡಿನಲ್ಲಿ ಅವರ ವಿಚಾರಗಳು ಶಾಂತವೇರಿ ಗೋಪಾಲಗೌಡರ ಮೂಲಕ ರಾಜಕಾರಣದಲ್ಲಿಯೂ ಅನಂತಮೂರ್ತಿ, ಲಂಕೇಶ್, ತೇಜಸ್ವಿಯವರ ಮೂಲಕ ಸಾಹಿತ್ಯದಲ್ಲಿಯೂ ಬೇರೂರಿದವು. ತಮ್ಮನ್ನು ರೂಪಿಸಿದ ಮೂವರಲ್ಲಿ ಕುವೆಂಪು, ಕಾರಂತರ ಜೊತೆ ಲೋಹಿಯಾ ಅವರನ್ನು ತೇಜಸ್ವಿ ಸ್ಮರಿಸಿದ್ದಾರೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದ್ದು ಈ ಪರಂಪರೆಯ ಫಲವೇ. ಆದರೆ ಜಾತಿ ಮತ್ತು ಭಾಷೆಯ ಬಗೆಗಿನ ಲೋಹಿಯಾ ಚಿಂತನೆಯನ್ನು ಕನ್ನಡವು ಮೈಗೂಡಿಸಿಕೊಂಡ ಪ್ರಮಾಣದಲ್ಲಿ ಅವರ ಲೋಕವಿಚಾರವನ್ನು ಮೈಗೂಡಿಸಿಕೊಳ್ಳಲಿಲ್ಲ. ಸಂಸತ್ತಿನಲ್ಲಿ ಕನ್ನಡಕ್ಕೆ ಮಾತನಾಡುವ ಹಕ್ಕು ದೊರೆತ ಮೇಲೆ ಗಡಿ, ಒಪ್ಪಂದ, ಯುದ್ಧಗಳ ಬಗ್ಗೆ ಕನ್ನಡದಲ್ಲಿ ಖಚಿತವಾಗಿ ಮಾತನಾಡಲು ಬೇಕಾದ ಪರಿಭಾಷೆ ಮತ್ತು ಪಠ್ಯಗಳನ್ನು ಸಿದ್ಧಪಡಿಸುವ ಹೊಣೆ ಯಾರದೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಹೊಣೆಯ ಒಂದು ಪಾಲು ಕನ್ನಡ ಅಧ್ಯಯನ ವಿಭಾಗಗಳಿಗೂ ಸೇರುತ್ತದೆ ಎಂಬುದನ್ನು ಲೋಹಿಯಾ ಅವರ ಬದುಕು ಸೂಚಿಸುತ್ತದೆ.