ಮೂಸಿ ಪ್ರವಾಹ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು

ವಿಶ್ವೇಶ್ವರಯ್ಯನವರೆಂದರೆ ನಮಗೆಲ್ಲ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಆದರೆ ತುಂಗಭದ್ರೆ, ಹಗರಿಗಳ ನೆರೆ ಕಂಡ ನಮ್ಮ ಸದಸ್ಯ ಬಾಂಧವರು ತಿಳಿಯಬೇಕಾದ ಇನ್ನೊಂದು ಕೆಲಸ ಅವರದಿದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದವರು ಅವರು. 1884ರಲ್ಲಿ ಮುಂಬಯಿ ಸರ್ಕಾರದ ಇಂಜಿನಿಯರಾದರು. ಆ ನೌಕರಿ ಬಿಟ್ಟು ಹೊರದೇಶದಲ್ಲಿದ್ದಾಗಲೇ ನಿಜಾಮರ ಕರೆ ಬಂತು. ಆಗ ಹೊಳೆಯಾಚೆಯ ರಾಯಚೂರು ಸೀಮೆ ನಿಜಾಮರದು, ಈಚೆಯ ನಾವು ಮದ್ರಾಸಿನವರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಊರೊಳಕ್ಕೆ ನುಗ್ಗಿತ್ತು. ಸತ್ತವರು ಹದಿನೈದು ಸಾವಿರ ಇರಬಹುದು ಅಂತ ಅಂದಾಜು. ದಂಡೆಯ ಕೋಲ್ಸಾವಾಡಿ, ಅಫ್ಜಲ್‌ಗಂಜ್ ಕಡೆಯ ಬಡವರ ಮಣ್ಣಿನ ಮನೆಗಳು ಸಾಲುಸಾಲಾಗಿ ಕರಗಿಹೋದವು. ಒಂದು ಹುಣಸೆ ಮರ ಹತ್ತಿ ಸುಮಾರು ನೂರೈವತ್ತು ಮಂದಿ ಜೀವ ಉಳಿಸಿಕೊಂಡರಂತೆ. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ.

1909ರಲ್ಲಿ ಬಂದ ವಿಶ್ವೇಶ್ವರಯ್ಯನವರು ಬಿದ್ದ ಗೋಡೆಗಳನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ನೀರು ಬಂದ ದಾರಿ ಹಿಡಿದು ಮೇಲಕ್ಕೆ ಹೋದರು. ಅಲ್ಲಿ ನೂರಾರು ಕೆರೆಗಳು. ಇನ್ನೂರಕ್ಕೂ ಹೆಚ್ಚು ಕೆರೆಗಳ ಏರಿ ಒಡೆದಿತ್ತು. ಒಂದು ಒಡೆದ ರಭಸಕ್ಕೆ ಕೆಳಗಿನದೂ ಒಡೆದು ಹಾನಿ ಹೆಚ್ಚಾಗಿತ್ತು. ಕೆರೆ ಕೋಡಿಯ ಸಂಗತಿ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ನೆರೆ ತಡೆಯಲು ಊರಿನ ಮೇಲ್ಗಡೆ ಎರಡು ಜಲಾಶಯ ಬೇಕೆಂದು ಅವರು ವರದಿ ಕೊಟ್ಟರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

ಜೊತೆಗೆ ದಂಡೆ ಎತ್ತರಿಸುವುದು, ಇಕ್ಕಟ್ಟಿನ ಕೇರಿಗಳನ್ನು ಬಿಡಿಸುವುದು, ಒಳಚರಂಡಿ ಹಾಕುವುದು ಇವೂ ಅವರ ಯೋಜನೆಯಲ್ಲಿದ್ದವು. 1912ರಲ್ಲಿ ನಗರಾಭಿವೃದ್ಧಿ ಮಂಡಳಿ ಹುಟ್ಟಿ, ಹಳೇ ಕೇರಿಗಳನ್ನು ತೆಗೆದು, ಬಡವರಿಗೆ ಗಾಳಿ ಬೆಳಕಿನ ಮನೆ ಕಟ್ಟಿತು. ನಿಜ ಹೇಳಬೇಕೆಂದರೆ, ಹುಟ್ಟಿದ ಜಾಗ ಬಿಟ್ಟು ಏಳುವುದು ಬಡವನಿಗೆ ಸುಲಭವಲ್ಲ. 2009ರ ಅಕ್ಟೋಬರ್ ನೆರೆಯ ನಂತರ ನಮ್ಮ ಉತ್ತರ ಕರ್ನಾಟಕದಲ್ಲೂ ಆಸರೆ ಮನೆಗಳು ಎದ್ದವು. ಹೊಲ ದೂರ, ನೀರಿಲ್ಲ, ಕೊಟ್ಟಿಗೆಗೆ ಜಾಗವಿಲ್ಲ ಅಂತ ಎಷ್ಟೋ ಕಡೆ ಜನ ಹಳೇ ಮನೆಗೇ ವಾಪಸಾದರು. ಅದು ಜನರ ಹಟ ಅಂತ ನನಗನಿಸುವುದಿಲ್ಲ. ಮನೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲವಲ್ಲ.

1909ರ ಕೊನೆಗೆ ಅವರು ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಹೋದರು. ಮುಂದೆ 1912ರಿಂದ 1918ರವರೆಗೆ ದಿವಾನರು, 1955ರಲ್ಲಿ ಭಾರತರತ್ನ, 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ನಿಧನರಾದರು. ದಿವಾನಗಿರಿ ಮುಗಿದ ಮೇಲೂ, 1922ರಲ್ಲಿ, ಮತ್ತೆ 1930ರಲ್ಲಿ, ಹೈದರಾಬಾದಿನವರು ಕರೆದಾಗ ಹೋದರು. ಒಳಚರಂಡಿಯ ಕೆಲಸ ಇನ್ನೂ ಬಾಕಿ ಇತ್ತು.