ವಿಲಿಯಂ ಡೆಂಪ್‌ಸ್ಟರ್ ಹೋರ್ಡನ ಚರಿತ್ರೆ

ಅಮೇರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ 1836ನೆಯ ಇಸವಿ ಅಕ್ಟೋಬರ್ 10ರಂದು ಹೋರ್ಡನು ಜನಿಸಿದನು. ಆತನ ತಂದೆಯು ಊರೂರು ಸಂಚರಿಸಿ ಸುವಾರ್ತೆ ಸಾರುತ್ತಿದ್ದ ಮೆಥೊಡಿಸ್ಟ್ ಬೋಧಕನು. ಬಾಲಕನು ನೆರೆಯ ಹೈನುಗಾರನ ಬಳಿ ದುಡಿದು, ಹಸು ಸಾಕುವ ವಿದ್ಯೆಯನ್ನು ಕೈಯಾರೆ ಕಲಿತನು.

1857ರಲ್ಲಿ ಆತನು ಪಶ್ಚಿಮದ ವಿಸ್ಕಾನ್ಸಿನ್ ಸಂಸ್ಥಾನಕ್ಕೆ ಹೋದನು. ಅಲ್ಲಿಯ ಒಕ್ಕಲಿಗರು ವರುಷ ವರುಷವೂ ಗೋಧಿಯನ್ನೇ ಬಿತ್ತುತ್ತಿದ್ದುದರಿಂದ ಕ್ರಮೇಣ ಭೂಮಿಯು ಸಾರಗುಂದಿತು. ಉಳಿದುದನ್ನು ಹುಳುಗಳು ತಿಂದವು. ಹಸು ಸಾಕಿದರೆ ಗೊಬ್ಬರವು ಹೊಲಕ್ಕೆ ಮರಳುವುದೆಂದು ಹೋರ್ಡನು ಎಡೆಬಿಡದೆ ಬೋಧಿಸಿದನು. 1870ರಲ್ಲಿ ಒಂದು ವಾರ್ತಾಪತ್ರಿಕೆಯನ್ನು ಆರಂಭಿಸಿ, 1872ರಲ್ಲಿ ಬೇರೆ ಆರು ಮಂದಿಯೊಡನೆ ಹೈನುಗಾರರ ಸಂಘವನ್ನು ಕಟ್ಟಿದನು. 1885ರಲ್ಲಿ ಹೈನಿಗಾಗಿಯೇ ಮತ್ತೊಂದು ಪತ್ರಿಕೆಯನ್ನು ಹೊರಡಿಸಿದನು.

ಆದರೆ ಕೊಟ್ಟಿಗೆ ತುಂಬಿದರೂ ಅನೇಕರ ಬಡತನವು ಹೋಗಲಿಲ್ಲ. ಏಕೆಂದರೆ ಯಾವ ಹಸುವು ಎಷ್ಟು ತಿಂದಿತು, ಎಷ್ಟು ಹಾಲು ಕೊಟ್ಟಿತು ಎಂಬುದನ್ನು ಅವರು ಬರೆದಿಡುತ್ತಿರಲಿಲ್ಲ. ಹೋರ್ಡನು ತನ್ನ ಪತ್ರಿಕೆಯ ಪರವಾಗಿ ಜನರನ್ನು ಮನೆಮನೆಗೆ ಕಳುಹಿಸಿ, ಮೇವಿನ ಖರ್ಚನ್ನೂ ಹಾಲಿನ ಹುಟ್ಟುವಳಿಯನ್ನೂ ಲೆಕ್ಕ ಹಾಕಿಸಿ ಪ್ರಕಟಿಸಿದನು. ನೂರು ರೂಪಾಯಿಯ ಮೇವು ತಿಂದು ಎಂಬತ್ತು ರೂಪಾಯಿಯ ಹಾಲು ಕೊಡುವ ಹಸುವೆಂದರೆ ಹೇಗೋ, ಹಾಗೆಯೇ ತಿಂದ ಮೇವಿನ ಬೆಲೆಯನ್ನೂ ತೀರಿಸದ ಹಸುಗಳು ಎಷ್ಟೋ ಇದ್ದವು. ಫರೋಹನ ಕನಸಿನಲ್ಲಿ ಬಡಹಸುಗಳು ಕೊಬ್ಬಿದವುಗಳನ್ನು ನುಂಗಿದಂತೆ, ಇವು ಒಳ್ಳೆಯ ಹಸುಗಳ ಲಾಭವನ್ನು ನುಂಗುತ್ತಿದ್ದವು.

ಹಾಗೆಂದು ತಪ್ಪೆಲ್ಲವೂ ಪಶುವಿನದಲ್ಲ. ಮುಂಗಾರಿನ ಹಸುರನ್ನು ಕಂಡು ಗೋಮಾಳವನ್ನೇ ನಂಬುವವರು ನಮ್ಮಲ್ಲಿಯೂ ಉಂಟಷ್ಟೆ. ವಿಸ್ಕಾನ್ಸಿನ್ನಿನಲ್ಲಿ ವಸಂತದ ಹುಲ್ಲು ಸೊಂಪಾಗಿದ್ದು, ಬೇಸಗೆಯ ನಡುವೆ ಒಣಗುತ್ತದೆ. ಆಗ ಹಸುವಿನ ಹಾಲು ಒಮ್ಮೆ ಇಳಿಯಿತೆಂದರೆ, ಬಳಿಕ ಎಷ್ಟು ಮೇವು ಹಾಕಿದರೂ ಆ ಸಲದ ಕರಾವಿನಲ್ಲಿ ಮೊದಲಿನಂತೆ ಏರುವುದು ಕಷ್ಟ. ಆದುದರಿಂದ ಹಸಿ ಮುಸುಕಿನ ಜೋಳವನ್ನು ದಂಟುಸಹಿತ ಕತ್ತರಿಸಿ, ಗಾಳಿಯಾಡದಂತೆ ತುಳಿದು ತುಂಬಿ, ರಸಮೇವು ಮಾಡಿಡಬೇಕೆಂದು ಹೋರ್ಡನು ಒತ್ತಿ ಹೇಳಿದನು. ಕುದುರೆಮಸಾಲೆ ಸೊಪ್ಪನ್ನು ಬೆಳೆಸಿರೆಂದನು. ಆ ಚಳಿಯಲ್ಲಿ ಅದು ಬದುಕದೆಂದು ಜನರು ನಕ್ಕರು. ಆತನು ವಾದಿಸುತ್ತ ಕೂಡದೆ ತಾನೇ ಬೆಳೆದು ತೋರಿಸಿದನು. ಅದರ ಬೇರು ಆಳಕ್ಕಿಳಿಯುವುದರಿಂದ ಮಳೆ ತಪ್ಪಿದಾಗಲೂ ಹಸುರಾಗಿರುತ್ತದೆ. ಅದರಲ್ಲಿ ಸತ್ವ ಹೆಚ್ಚಾದುದರಿಂದ ಕೊಂಡು ತರುವ ಹಿಂಡಿಯ ಖರ್ಚು ಕಡಿಮೆಯಾಗುತ್ತದೆ. ಹಸುವು ತಾಯಿಯಾದುದರಿಂದ ಅದನ್ನು ಗದರಿಸಬಾರದು, ಹೊಡೆಯಬಾರದು ಎಂಬುದೂ ಆತನ ಕೊಟ್ಟಿಗೆಯ ನಿಯಮವಾಗಿತ್ತು.

1889ರಲ್ಲಿ ಆತನು ಆ ಸಂಸ್ಥಾನದ ಗವರ್ನರನಾದನು. ಶಾಲೆಗಳಲ್ಲಿ ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂಬ ಕಾಯಿದೆಯನ್ನು ಬೆಂಬಲಿಸಿದ್ದರಿಂದ ಜರ್ಮನ್ ಲೂಥರನ್ ಸಭೆಯವರೂ ರೋಮನ್ ಕಥೋಲಿಕರೂ ಮುನಿದರು. 1890ರ ಚುನಾವಣೆಯಲ್ಲಿ ಆತನು ಸೋತನು. ಕನ್ನಡದಲ್ಲಿ ಸತ್ಯವೇದ ಓದುವ ನಾವು ಈ ವಿಷಯದಲ್ಲಿ ಆತನ ಪಕ್ಷ ಹಿಡಿಯಲಾರೆವು. ಸೋತವನು ಪುನಃ ತನ್ನ ಪತ್ರಿಕೆಗೆ ಮರಳಿ, ಫೋರ್ಟ್ ಆಟ್ಕಿನ್ಸನ್ ಊರಿನ ಬಳಿ 1899ರಲ್ಲಿ ಹೊಲವನ್ನು ಕೊಂಡು, ಅಲ್ಲಿ ಗರ್ನ್ಸಿ ತಳಿಯ ಹಸುಗಳನ್ನು ಸಾಕಿದನು.

1918ರ ನವೆಂಬರ್ 22ರಂದು ಆತನು ತೀರಿಕೊಂಡನು. ಮ್ಯಾಡಿಸನ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ, ಬೇಸಾಯ ಕಲಿಸುವ ಕಟ್ಟಡದ ಮುಂದೆ, ಆತನ ಪ್ರತಿಮೆಯು ನಿಂತಿದೆ.