ಕೈಕಸುಬಿನವರ ಕಮಲಾದೇವಿ

ಸಹಕಾರಿ ಸಂಘ ಅಂದ ಕೂಡಲೆ ನಮ್ಮ ಭಾಗದ ಮಂದಿಯ ಕಣ್ಣ ಮುಂದೆ ಬರುವುದು ಬೀಜ, ಗೊಬ್ಬರ, ಬೆಳೆಸಾಲ ಮತ್ತು ತೊಗರಿ ಖರೀದಿ. ಅದರಲ್ಲಿ ತಪ್ಪೇನಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘವೂ ರೈತರದೇ ಆಗಿತ್ತು. ಆದರೆ ಮಗ್ಗದವರು, ಬಣ್ಣದವರು, ಮರದ ಅಚ್ಚಿನಿಂದ ಬಟ್ಟೆಯ ಮೇಲೆ ಬಳ್ಳಿ ಮೂಡಿಸುವವರು, ಇವರಿಗೂ ಸಂಘವೇ ದಾರಿ ಎಂದು ನಂಬಿ, ಆ ನಂಬಿಕೆಗಾಗಿ ಅರ್ಧ ಆಯುಷ್ಯ ಸವೆಸಿದ ಒಬ್ಬ ಹೆಣ್ಣುಮಗಳು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದ್ದರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ.

ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಅವರ ಕಥೆ ಯಾಕೆ ಅಂತ ಕೇಳಬಹುದು. ಸಂಘದ ಸಾಮಾನ್ಯ ಸಭೆಯಲ್ಲಿ ಕೆಲವು ಮಹಿಳಾ ಸದಸ್ಯರು ಅಚ್ಚಿನ ಬಟ್ಟೆಯ ಕೆಲಸಕ್ಕೆ ಸಾಲ ಕೇಳಿದಾಗ ಸಭೆಯಲ್ಲಿ ನಗು ಎದ್ದದ್ದು ಹಲವರಿಗೆ ನೆನಪಿರಬಹುದು. ಮುಚ್ಚಿಡುವುದೇನು, ನಕ್ಕವರಲ್ಲಿ ನಾವೂ ಇದ್ದೆವು. ಪರ್ಸಿ ಕಲ್ಲಿನ ಊರಿನಲ್ಲಿ ಬಟ್ಟೆಗೆ ಹೂವು ಒತ್ತಿ ಯಾರ ಹೊಟ್ಟೆ ತುಂಬಬೇಕು ಅಂತ ನಮ್ಮ ಲೆಕ್ಕ. ಆಮೇಲೆ ಕಮಲಾದೇವಿಯವರ ಬಾಳನ್ನು ಓದಿದಾಗ ಆ ನಗು ನಮಗೇ ಕಹಿಯಾಯಿತು.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲವರು, ದೇಶದ ಆಗುಹೋಗು ತಿಳಿದವರು. ಹುಡುಗಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಮೃತ್ಯುಪತ್ರ ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಮಗಳಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನೂ ಬೇಡವೆಂದು ತಳ್ಳಿ, ತವರಿನಿಂದ ತಂದಿದ್ದ ಹಣದಲ್ಲಿ ಮಗಳನ್ನು ಸಾಕಿದರು. ದುಡಿದ ಮನೆಯಲ್ಲಿ ಹಕ್ಕಿಲ್ಲದೆ, ಇನ್ನೊಬ್ಬರು ಎಣಿಸಿ ಕೊಟ್ಟದ್ದನ್ನು ಕೈಯೊಡ್ಡಿ ತೊಗೊಳ್ಳುವ ಬಾಳು ಎಂಥದು ಎಂಬುದು ಆ ಹುಡುಗಿಗೆ ಬಾಲ್ಯದಲ್ಲೇ ತಿಳಿಯಿತು. ಮುಂದೆ ಅವರು ಮಾಡಿದ ಕೆಲಸದ ಬೇರು ಇಲ್ಲಿದೆ ಅಂತ ನಮಗನ್ನಿಸುತ್ತದೆ.

ಎಳೆಯ ವಯಸ್ಸಿನಲ್ಲಿ ಮದುವೆಯಾಯಿತು, ಎರಡೇ ವರ್ಷದಲ್ಲಿ ವೈಧವ್ಯ ಬಂತು. ಮೂಲೆಯಲ್ಲಿ ಕೂಡದೆ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋಗಿ ಓದಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮರುಮದುವೆಯಾದರು. ವಿಧವೆ ಮದುವೆಯಾದಳು, ಅದೂ ಪರಪ್ರಾಂತದವನನ್ನು ಅಂತ ಮಂದಿ ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಸಂಭಾವಿತ ಮನೆಯ ಹೆಣ್ಣುಮಕ್ಕಳು ರಂಗದ ಹತ್ತಿರ ಸುಳಿಯದ ಕಾಲದಲ್ಲಿ ನಾಟಕಗಳಲ್ಲಿ ಪಾತ್ರ ಮಾಡಿದರು. ಶೂದ್ರಕನ ಮೃಚ್ಛಕಟಿಕದ ಮೇಲೆ ತೆಗೆದ ಮೂಕಿ ಚಿತ್ರದಲ್ಲೂ ನಟಿಸಿದರು. ಆ ಮದುವೆ ಕೊನೆತನಕ ಉಳಿಯಲಿಲ್ಲ. ಅದಿರಲಿ.

1926ರಲ್ಲಿ ಮದ್ರಾಸ್ ಶಾಸನ ಸಭೆಗೆ ನಿಂತು ಕೆಲವೇ ಮತಗಳಿಂದ ಸೋತರು. ಆ ಕಾಲಕ್ಕೆ ಹೆಣ್ಣುಮಗಳೊಬ್ಬಳು ಚುನಾವಣೆಗೆ ನಿಂತದ್ದೇ ದೊಡ್ಡ ಮಾತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕೆಂದು ಗಾಂಧೀಜಿಯವರ ಹತ್ತಿರವೇ ವಾದಿಸಿದರು. ಮುಂಬಯಿಯ ಶೇರುಪೇಟೆಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು, ಜೇಲಿಗೆ ಹೋದರು. ಈ ಭಾಗವನ್ನು ಹೈಸ್ಕೂಲಿನ ಮಕ್ಕಳು ಪುಸ್ತಕದಲ್ಲಿ ಓದಬಹುದು. ನಮ್ಮ ಸದಸ್ಯರಿಗೆ ಬೇಕಾದದ್ದು ಸ್ವಾತಂತ್ರ್ಯ ಬಂದ ಮೇಲಿನ ಮಾತು.

ಜೋಡಿಯಾಗಿ ಹೋರಾಡಿದವರು ಮಂತ್ರಿಗಳಾದರು, ರಾಜ್ಯಪಾಲರಾದರು. ಕಮಲಾದೇವಿ ಆ ಕಡೆ ಹೋಗಲಿಲ್ಲ. ದೇಶ ಇಬ್ಭಾಗವಾಗಿ ಲಕ್ಷಗಟ್ಟಲೆ ಮಂದಿ ಮನೆಮಠ ಬಿಟ್ಟು ದಿಲ್ಲಿಗೆ ಬಂದು ಬಿದ್ದಿದ್ದರು. ಅವರಿಗೆ ಬರೀ ಗಂಜಿ ಹಾಕಿದರೆ ಸಾಲದು, ಅವರದೇ ಸಂಘ ಕಟ್ಟಿ ಕೆಲಸ ಹಚ್ಚಬೇಕು ಅಂತ ಗಾಂಧೀಜಿಯವರನ್ನು ಕಂಡು ಹೇಳಿದರು. ಸರಕಾರದ ಮೇಲೆ ಭಾರ ಹಾಕಬಾರದು ಎಂಬ ಕರಾರಿನ ಮೇಲೆ ಅವರು ಒಪ್ಪಿದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿತು. ದಿಲ್ಲಿ ಹತ್ತಿರದ ಛತರಪುರದಲ್ಲಿ ನಿರಾಶ್ರಿತ ರೈತರ ಸಂಘ ನಿಂತಿತು. ವಾಯವ್ಯ ಗಡಿನಾಡಿನಿಂದ ಬಂದ ಹತ್ತಾರು ಸಾವಿರ ಜನ ಫರೀದಾಬಾದಿನಲ್ಲಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಸರಕಾರ ಕಟ್ಟಡಕ್ಕೆ ಹಣ ಕೊಟ್ಟಿತು, ನಿಜ. ಆದರೆ ಗುತ್ತಿಗೆದಾರ ಬರಲಿಲ್ಲ. ಲಕ್ಷ್ಮೀಚಂದ ಜೈನರಂಥ ಯುವಕರು ಅವರ ಜೊತೆಗಿದ್ದರು. ಕ್ರಮೇಣ ಅಧಿಕಾರಿಗಳ ಕೈ ಮೇಲಾಯಿತು, ಫರೀದಾಬಾದಿನಲ್ಲಿ ಸಹಕಾರದ ಕನಸು ಅರ್ಧಕ್ಕೆ ನಿಂತಿತು. ಆದರೂ ಕಮಲಾದೇವಿ ಕೈಚೆಲ್ಲಿ ಕೂಡಲಿಲ್ಲ.

1952ರಲ್ಲಿ ದಿಲ್ಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಎಂಬ ಸರಕಾರಿ ಅಂಗಡಿಯನ್ನು ಈ ಯೂನಿಯನ್ನು ವಹಿಸಿಕೊಂಡಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಗಿ, ಅದರ ಚುಕ್ಕಾಣಿಯೂ ಅವರ ಕೈಗೆ ಬಂತು. ಸುಮಾರು ಇಪ್ಪತ್ತು ವರ್ಷ ಕಸುಬುದಾರರ ಓಣಿಗಳನ್ನು ಹುಡುಕಿಕೊಂಡು ದೇಶ ತಿರುಗಿದರು.

ಅವರು ಕಂಡ ರೋಗ ನಮಗೆ ಹೊಸದಲ್ಲ. ಅಚ್ಚಿನ ಬಟ್ಟೆಯವನನ್ನೇ ನೋಡ್ರಿ. ಬಟ್ಟೆ ಸಾವಕಾರನಿಂದ ಉದ್ರಿ ತರಬೇಕು. ಸಾಗವಾನಿಯಲ್ಲಿ ಅಚ್ಚು ಕೆತ್ತಿಸಬೇಕು. ಹೊರಗೆರೆಗೆ ಒಂದು, ಒಳಗಿನ ಒಂದೊಂದು ಬಣ್ಣಕ್ಕೆ ಒಂದೊಂದು. ಗಂಜಿ ಹೋಗುವ ಹಾಗೆ ಒಗೆದು, ಒಣಗಿಸಿ, ಒತ್ತಿ, ಕುದಿಸಿ, ಮತ್ತೆ ಒಗೆಯಬೇಕು. ಮಳೆಗಾಲದಲ್ಲಿ ಒಣಗುವುದಿಲ್ಲ, ಬೇಸಿಗೆಯಲ್ಲಿ ಹರಿಯುವ ನೀರಿಲ್ಲ. ಹಾಕಿದ ರೊಕ್ಕ ವಾರಗಟ್ಟಲೆ ಬಟ್ಟೆಯಲ್ಲೇ ಸಿಕ್ಕಿಬಿದ್ದಿರುತ್ತದೆ. ಹೊಟ್ಟೆ ಮಾತ್ರ ದಿನಾ ಕೇಳುತ್ತದೆ. ಹಾಗಾಗಿ ಸಾವಕಾರ ಹೇಳಿದ್ದೇ ದರ. ರಾಶಿ ಆದ ಮರುದಿನವೇ ತೊಗರಿ ಮಾರುವ ರೈತನ ಗತಿ ಬೇರೆಯೇನು?

ಇದಕ್ಕೆ ಕಮಲಾದೇವಿ ಹುಡುಕಿದ ಮದ್ದು ಮೂರು ಮುಖದ್ದು: ಕಸುಬುದಾರರದೇ ಸಂಘ, ಒಳ್ಳೆಯ ಮಾದರಿ, ನಂಬಿಕೆಯ ಅಂಗಡಿ. ಮಾದರಿಗಾಗಿ ದಿಲ್ಲಿ, ಮುಂಬಯಿ, ಕಲಕತ್ತಾ, ಬೆಂಗಳೂರುಗಳಲ್ಲಿ ಮಂಡಳಿಯ ವಿನ್ಯಾಸ ಕೇಂದ್ರಗಳು ಬಂದವು. ಸೆರಗಿಗೆ ಒತ್ತುತ್ತಿದ್ದ ಅಚ್ಚನ್ನೇ ಪಡದೆಗೆ, ಮೇಜಿನ ಹಾಸಿಗೆ, ಚಾದರಿಗೆ ಒತ್ತಿದರೆ ಪಟ್ಟಣದವರೂ ಕೊಳ್ಳುತ್ತಾರೆ ಎಂಬುದು ಇಂಥ ಪ್ರಯತ್ನಗಳಿಂದ ತಿಳಿಯಿತು. ಹಳೆಯ ಅಚ್ಚು ಬಿಡಬೇಕಾಗಿಲ್ಲ, ಹೊಸ ಗಿರಾಕಿ ಹುಡುಕಬೇಕು ಅಷ್ಟೆ.

ಕಾಳಹಸ್ತಿಯ ಮಾತು ಇಲ್ಲಿ ಹೇಳಲೇಬೇಕು. ನಮ್ಮೂರಿನಿಂದ ತಿರುಪತಿಗೆ ಹೋದವರು ಬೇಡರ ಕಣ್ಣಪ್ಪನ ಆ ಕ್ಷೇತ್ರಕ್ಕೂ ಹೋಗಿ ಬರುತ್ತಾರೆ. ಅಲ್ಲಿ ಬಿದಿರಿನ ಲೇಖನಿಯಿಂದ ಬಟ್ಟೆಯ ಮೇಲೆ ಪುರಾಣದ ಕಥೆ ಬರೆಯುವ ಕಲಂಕಾರಿ ಉಂಟು. ಅದೇ ಬಣ್ಣದ ವಿದ್ಯೆಯನ್ನು ಮಚಲೀಪಟ್ಟಣದ ಕಡೆಯವರು ಮರದ ಅಚ್ಚಿನಿಂದ ಮಾಡುತ್ತಾರೆ. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸುತ್ತಾರೆ. ತುಕ್ಕು ಕಬ್ಬಿಣ, ಬೆಲ್ಲ, ನೀರು ಕೂಡಿಸಿ ದಿನಗಟ್ಟಲೆ ಹುಳಿ ಬರಿಸುತ್ತಾರೆ. ಆ ನೀರು ಅಳಲೆ ಕುಡಿದ ಬಟ್ಟೆಗೆ ತಾಗಿದ ಕೂಡಲೆ ಕರ್ರಗಾಗುತ್ತದೆ. ಪಟಿಕದ ನೀರು ಹಚ್ಚಿದ ಕಡೆ ಮೊದಲು ಏನೂ ಕಾಣುವುದಿಲ್ಲ. ಬೇರಿನ ಬಣ್ಣದಲ್ಲಿ ಹಾಕಿ ಕುದಿಸಿದಾಗ ಅಷ್ಟೇ ಜಾಗ ಕೆಂಪಾಗಿ ಏಳುತ್ತದೆ. ಹಿಂದೊಮ್ಮೆ ಪರ್ಷಿಯಾ ದೇಶದ ತನಕ ಹೋದ ಈ ಬಟ್ಟೆ ಗಿರಣಿ ಬಟ್ಟೆಯ ಹೊಡೆತಕ್ಕೆ ಸಿಕ್ಕು, ಕಾಳಹಸ್ತಿಯಲ್ಲಿ ಬಲ್ಲವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಕಮಲಾದೇವಿಯವರ ಮುತುವರ್ಜಿಯಿಂದ 1957ರ ಸುಮಾರಿಗೆ ಮಂಡಳಿ ಅಲ್ಲಿ ತರಬೇತಿ ಕೇಂದ್ರ ತೆರೆಯಿತು. ಉಳಿದ ಹಿರಿಯರೇ ಗುರುಗಳಾದರು. ಕಲಿತ ಹುಡುಗರು ಮುಂದೆ ತಾವೇ ಕಲಿಸುವವರಾದರು.

1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದೂ ಅವರ ಕಾಲದ ಮಾತು. ನಮ್ಮ ಪರ್ಸಿ ಕಲ್ಲು ದೊಡ್ಡ ದೊಡ್ಡ ಊರುಗಳ ನೆಲಕ್ಕೆ ಹಾಸಿದ್ದಾರೆ. ಖಣಿಯಲ್ಲಿ ಅದನ್ನು ಎಬ್ಬಿಸಿದವನ ಹೆಸರು ಯಾವ ಮನೆಯಲ್ಲೂ ಇಲ್ಲ. ಬಟ್ಟೆ ಮಾಡಿದವನದೂ ಅದೇ ಕಥೆ ಆಗಿತ್ತು. ಅವನ ಹೆಸರು ಕರೆದು, ರಾಷ್ಟ್ರಪತಿಗಳ ಕೈಯಿಂದ ಸನ್ಮಾನ ಕೊಡಿಸುವ ಪದ್ಧತಿ ಬಂದದ್ದು ಸಣ್ಣ ಕೆಲಸವಲ್ಲ.

ಅವರಿಗೂ ಮಾನ ಸನ್ಮಾನ ಬಂದವು: 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. ಆದರೆ ಸಹಕಾರದ ಮಟ್ಟಿಗೆ ನೋವು ತಪ್ಪಲಿಲ್ಲ. ಅವರ ಯೂನಿಯನ್ನು ಬೆಳೆಸಿದ ಎಂಪೋರಿಯಂ 1976ರಲ್ಲಿ ಸರಕಾರಿ ನಿಗಮದ ಪಾಲಾಯಿತು. ಅಂಗಡಿ ಉಳಿಯಿತು, ಸಹಕಾರ ಹೋಯಿತು. ಸದಸ್ಯರು ಇದನ್ನು ಎರಡು ಸಲ ಓದಬೇಕು ಅಂತ ನಮ್ಮ ಕೋರಿಕೆ. 1988ರ ಅಕ್ಟೋಬರ್ 29ರಂದು, ಎಂಬತ್ತೈದರ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಕಮಲಾದೇವಿ ತೀರಿಕೊಂಡರು. ಅವರು ಬೆಳೆಸಿದ ಕರಕುಶಲ ಮಂಡಳಿಯನ್ನು 2020ರಲ್ಲಿ ಕೇಂದ್ರ ಸರಕಾರ ರದ್ದು ಮಾಡಿತು.

ಇನ್ನು ನಮ್ಮ ಹೆಣ್ಣುಮಕ್ಕಳ ಮಾತು. ಸಂಘದ ಸಾಲ ಸಿಗದೆ ಅವರು ಕೈಗಡ ತಂದು ಕೆಲಸ ಆರಂಭಿಸಿದರು. ಹಲಗೆಯ ಮೇಲೆ ಗೋಣಿತಟ್ಟು ಹಾಸಿ, ಮೊದಲ ಕಂತಿನ ಚಾದರು ಒತ್ತಿ, ಹೊರಗಿನ ಒಬ್ಬ ವ್ಯಾಪಾರಿಗೆ ಕೊಟ್ಟರು. ಐದು ತಿಂಗಳ ಮೇಲೆ ಅವನು ಅರ್ಧ ಮಾಲನ್ನು ಮಡಿಕೆಯಲ್ಲಿ ಬಣ್ಣ ಮಾಸಿದ ಸ್ಥಿತಿಯಲ್ಲಿ ತಿರುಗಿ ಕಳಿಸಿದ. ಉಳಿದರ್ಧದ ರೊಕ್ಕ ಇನ್ನೂ ಬಂದಿಲ್ಲ. ಆ ಚಾದರುಗಳಲ್ಲಿ ಒಂದನ್ನು ನಾವು ಕೈಯಲ್ಲಿ ಹಿಡಿದು ನೋಡಿದೆವು. ಮೂಲೆಯಲ್ಲಿ ಅಚ್ಚು ಕೂದಲೆಳೆಯಷ್ಟು ಸರಿದಿದೆ, ಬಳ್ಳಿ ಮಾತ್ರ ಎಲ್ಲೂ ಕಡಿದಿಲ್ಲ. ಬರುವ ಸಾಮಾನ್ಯ ಸಭೆಯಲ್ಲಿ ಅವರ ಅರ್ಜಿ ಮತ್ತೆ ಬರಲಿದೆ. ಸಂಘದ ಮಳಿಗೆಯಲ್ಲಿ ಗೊಬ್ಬರದ ಚೀಲಗಳ ಎದುರಿನ ಗೋಡೆ ಖಾಲಿ ಇದೆ, ಒಂದು ಕಪಾಟಿಗೆ ಸಾಕಾಗುವಷ್ಟು.